ಮಗಳಿಗೊಂದು ಪತ್ರ: ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕೆ?

ಪುಟ್ಟಿ,

"ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕೆ ಅಪ್ಪಾ?" ಅಂತ ಬೋಟಿನಲ್ಲಿ ಮೀನು ಹಿಡಿಯೋಕೆ ಹೋದಾಗ ಕೇಳಿದೆಯಲ್ಲ, ಅದಕ್ಕೆ ನಾನು "ಮೊದಲು ನೀರು ಕುಡಿ" ಅಂದೆ. ಅದೇನು ಉತ್ತರ ಅಲ್ಲ ಬಿಡು. ನಿನ್ನ ತಮ್ಮ ಪಕ್ಕದಲ್ಲಿದ್ದರೆ ಒಂದು ಮಾತನ್ನು ಕೊನೆ ತನಕ ಆಡೋಕೆ ಎಲ್ಲಿ ಆಗುತ್ತೆ? ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಕನ್ನಡ ಕ್ಲಾಸಿನ ಪಾಠಕ್ಕಿಂತ ಉದ್ದ ಇದೆ. ಒಂದೇ ಸಲಕ್ಕೆ ಓದಬೇಕಾಗಿಲ್ಲ.

ಈ ಪ್ರಶ್ನೆ ನನಗೂ ಹೊಸದಲ್ಲ. ನಾನು ಬೆಳೆದದ್ದು ಗಂಗೊಳ್ಳಿಯ ಹೊಳೆ ಬದಿಯಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಸೇರಿ ಐದು ಹೊಳೆಗಳು ಅಲ್ಲಿ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಜ್ಜ ಸಂಜೆ ಬೀಸುಬಲೆ ಹಿಡಿದು ಹೊರಟರೆ ಅಜ್ಜಿ ಇತ್ತ ಮಸಾಲೆ ಅರೆಯೋಕೆ ಕೂರುತ್ತಿದ್ದರು. ದುಡ್ಡು ಕೊಟ್ಟು ಬೋಟು ಹತ್ತಿ, ಮೀನು ಹಿಡಿದು, ಅಳತೆ ನೋಡಿ, ಮತ್ತೆ ನೀರಿಗೇ ಬಿಟ್ಟು ಬರುತ್ತಾರೆ ಅಂದರೆ ಅಲ್ಲಿ ಇವತ್ತಿಗೂ ಜನ ನಗುತ್ತಾರೆ. ಫ್ಲೋರಿಡಾಗೆ ಬಂದ ಹೊಸದರಲ್ಲಿ ನಾನೂ ನಕ್ಕಿದ್ದೆ.

ಆದರೂ ನಿಮ್ಮಿಬ್ಬರನ್ನು ಕರೆದುಕೊಂಡು ಹೋದೆ. ಟ್ಯಾಂಪಾ ಬೇ ಮಕ್ಕಳಿಗೆ ಹೇಳಿ ಮಾಡಿಸಿದ ನೀರು. ಅಷ್ಟು ದೊಡ್ಡ ಕೊಲ್ಲಿ, ಸರಾಸರಿ ಆಳ ಮಾತ್ರ 11-12 ಅಡಿ. ಆಳ ಸಮುದ್ರದ ಬೋಟಾದರೆ ಮೀನಿನ ಜಾಗ ಮುಟ್ಟೋಕೇ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮಕ್ಕಳು ವಾಂತಿ ಮಾಡಿ ಮಲಗಿರುತ್ತಾರೆ. ಇಲ್ಲಿ ಫೋರ್ಟ್ ಡಿ ಸೋಟೋ ಪಾರ್ಕ್ ಹತ್ತಿರ ಬೋಟು ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಕಾಂಡ್ಲಾ ಗಿಡಗಳ ಬುಡದಲ್ಲಿ ಇರುತ್ತೀವಿ. ದೊಡ್ಡ ಅಲೆ ಇಲ್ಲ. ಬೆಳಗ್ಗೆ ಬೇಗ ಹೊರಟರೆ ಜೂನ್ ತಿಂಗಳ ಮಧ್ಯಾಹ್ನದ ಗುಡುಗು ಸಿಡಿಲಿಗೆ ಮುಂಚೆ ಮನೆ. ಒಂದೇ ಕಷ್ಟ ಅಂದರೆ ಆ ಸೈಜಿನ ಬೋಟಿನಲ್ಲಿ ಟಾಯ್ಲೆಟ್ ಇರಲ್ಲ. ಅಮ್ಮ ನಿಮ್ಮಿಬ್ಬರನ್ನೂ ದಡದಲ್ಲೇ ಎರಡೆರಡು ಸಲ ಕಳಿಸಿದ್ದು ಅದಕ್ಕೇ.

ಲೈಫ್ ಜಾಕೆಟ್ ವಿಷಯಕ್ಕೆ ನೀನು ಮುಖ ಊದಿಸಿಕೊಂಡೆ. "ಕಾನೂನು ಇರೋದು 6 ವರ್ಷದ ಒಳಗಿನವರಿಗೆ" ಅಂತ ನೀನು ವಾದ ಮಾಡಿದ್ದು ಸರಿಯೇ. 26 ಅಡಿಗಿಂತ ಚಿಕ್ಕ ಬೋಟು ಓಡುತ್ತಿರುವಾಗ ಅಷ್ಟು ಚಿಕ್ಕವರು ಹಾಕಲೇಬೇಕು ಅಂತಿದೆ ಇಲ್ಲಿಯ ಕಾನೂನು. ನಮ್ಮ ಮನೆಯ ಕಾನೂನು ಬೇರೆ. ನಮ್ಮೂರಲ್ಲಿ ಈಜು ಬರುವವರೇ ಜಾಸ್ತಿ ಮುಳುಗಿದ್ದು. ಆ ಚರ್ಚೆ ಮುಂದಿನ ಸಲವೂ ಇಲ್ಲ.

ಬಾಳೆಹಣ್ಣಿನ ಕಥೆ ಮಾತ್ರ ನನಗೂ ನಗು ಬಂತು. ಅಮ್ಮ ಕಟ್ಟಿಕೊಟ್ಟ ಡಬ್ಬಿಯಲ್ಲಿ ಬಾಳೆಹಣ್ಣು ಕಂಡಿದ್ದೇ ತಡ, ನಮ್ಮ ಬೋಟಿನ ಕ್ಯಾಪ್ಟನ್ ಮುಖ ಚಿಕ್ಕದಾಯಿತು. ಬೋಟಿನಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗಲ್ಲ ಅಂತ ಇಲ್ಲಿಯ ಬೋಟಿನವರ ಹಳೇ ನಂಬಿಕೆ. ನಮ್ಮ ಕಡೆ ಬಾಳೆಹಣ್ಣು, ತೆಂಗಿನಕಾಯಿ ಇಟ್ಟು ಪೂಜೆ ಮಾಡದೆ ಬೋಟೇ ಇಳಿಸಲ್ಲ! ಕೊನೆಗೆ ದಡದಲ್ಲೇ ನಿಂತು ಎಲ್ಲರೂ ಒಂದೊಂದು ತಿಂದೆವು. ಅವರೂ ತಿಂದರು.

ಕ್ಯಾಪ್ಟನ್ ಬಲೆ ಬೀಸಿದ್ದನ್ನು ನೀನು ಬಾಯಿ ಬಿಟ್ಟು ನೋಡುತ್ತಿದ್ದೆ. ಗಾಳಕ್ಕೆ ಹಾಕಲು ಜೀವ ಇರುವ ಸಣ್ಣ ಮೀನು ಬೇಕಿತ್ತು. ನಮ್ಮ ಬೂತಾಯಿಯ ದೂರದ ನೆಂಟರು ಅವು, ಬೆಳ್ಳಗೆ ಹೊಳೆಯುತ್ತವೆ. ಬಲೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿ, ಸೊಂಟ ತಿರುಗಿಸಿ ಎಸೆದರು. ಬಲೆ ಗಾಳಿಯಲ್ಲೇ ದುಂಡಗೆ ಬಿಚ್ಚಿಕೊಂಡು, ಅಂಚಿನ ಸೀಸದ ಗುಂಡುಗಳು ಒಟ್ಟಿಗೆ ಚಟಪಟ ಅಂತ ನೀರಿಗೆ ಬಿದ್ದವು. ಅಜ್ಜನೂ ಹೀಗೇ ಹಲ್ಲಲ್ಲಿ ಕಚ್ಚುತ್ತಿದ್ದರು. ಯಾರು ಯಾರಿಗೆ ಕಲಿಸಿದರೋ!

ಆಮೇಲೆ ನಿನ್ನ ಕೈಗೆ ಗಾಳದ ಕೋಲು ಕೊಟ್ಟು ಅವರು ಹೇಳಿದ್ದು ಒಂದೇ ಮಾತು. ಮೀನು ಕಚ್ಚಿದಾಗ ಜಗ್ಗಬೇಡ, ಸುಮ್ನೆ ರೀಲು ಸುತ್ತುತ್ತಾ ಹೋಗು. ಅದಕ್ಕೆ ಕಾರಣ ಆ ಗಾಳದ ಆಕಾರ. ಸರ್ಕಲ್ ಹುಕ್ ಅನ್ನುತ್ತಾರೆ. ಅದರ ಮೊನೆ ಒಳಕ್ಕೆ ಬಾಗಿರುತ್ತೆ. ಜಗ್ಗಿದರೆ ಜಾರಿ ಬಾಯಿಂದ ಹೊರಗೇ ಬಂದುಬಿಡುತ್ತೆ. ಮೆಲ್ಲಗೆ ಎಳೆದರೆ ಗಂಟಲಿಗೆ ಹೋಗದೆ ಬಾಯಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತೆ. ಬಿಡಿಸೋದು ಸುಲಭ, ಮೀನಿಗೂ ಗಾಯ ಕಡಿಮೆ. ದೊಡ್ಡವರಿಗೆ ಇದು ಕಷ್ಟ, ಯಾಕಂದ್ರೆ ಕೈ ಸುಮ್ಮನಿರಲ್ಲ. ನಾನು ಜಗ್ಗಿದೆ, ನೀನು ಜಗ್ಗಲಿಲ್ಲ. ಅದಕ್ಕೇ ಮೊದಲ ಮೀನು ನಿನ್ನದು.

ಆ ಮೀನಿನ ಬಗ್ಗೆಯೇ ನಾನು ಹೇಳಬೇಕು ಅಂದುಕೊಂಡಿದ್ದು.

ಹಾರ್ಡ್‌ಹೆಡ್ ಕ್ಯಾಟ್‌ಫಿಶ್. ಮೀಸೆ ಇತ್ತು, ಮೈ ಲೋಳೆ ಲೋಳೆ. ಕ್ಯಾಪ್ಟನ್ "ಅಯ್ಯೋ, ಇದಾ" ಅನ್ನುವ ಹಾಗೆ ನೋಡಿದರು. ಕೈಯಲ್ಲಿ ಮುಟ್ಟಲೂ ಬಿಡಲಿಲ್ಲ, ಕೊಕ್ಕೆಯಂಥ ಸಲಕರಣೆಯಲ್ಲಿ ಗಾಳ ಬಿಡಿಸಿ ನೀರಿಗೆ ಬಿಟ್ಟರು. ಮುಟ್ಟಬೇಡ ಅಂದದ್ದು ಸರಿ. ಅದರ ಬೆನ್ನಿನ ಮೇಲೆ ಒಂದು, ಅಕ್ಕಪಕ್ಕ ಒಂದೊಂದು ಮುಳ್ಳು. ಮೂರಕ್ಕೂ ಗರಗಸದಂಥ ಹಲ್ಲು, ಮೇಲೆ ವಿಷ. ಚುಚ್ಚಿದರೆ ಕೈ ಊದಿ ಇಡೀ ದಿನ ಹಾಳು. ಆದರೆ "ಇದು ಕೆಲಸಕ್ಕೆ ಬಾರದ ಮೀನು" ಅಂತ ಪಕ್ಕದ ಬೋಟಿನವರು ನಕ್ಕರಲ್ಲ, ನಿನ್ನ ಮುಖ ಸಣ್ಣದಾಯಿತು. ಅವರ ಆ ಮಾತನ್ನು ನಾನು ಒಪ್ಪಲ್ಲ.

ನಮ್ಮೂರಲ್ಲಿ ಇದೇ ಬಳಗದ ಮೀನಿಗೆ ಶೆಡೆ ಅನ್ನುತ್ತಾರೆ. ಖಾರವಾಗಿ ಸಾರು ಮಾಡಿದರೆ ಬಹಳ ರುಚಿ. ಆದರೆ ರುಚಿಯ ಮಾತು ಬಿಡು. ಈ ಬಳಗದಲ್ಲಿ ಮೊಟ್ಟೆ ಕಾಯೋದು ಅಪ್ಪ. ಅಮ್ಮ ಮೊಟ್ಟೆ ಇಟ್ಟ ಮೇಲೆ ಅಪ್ಪ ಅವನ್ನೆಲ್ಲ ಬಾಯೊಳಗೆ ತುಂಬಿಕೊಳ್ಳುತ್ತಾನೆ. ಒಂದೊಂದೂ ನೀನು ಆಡುವ ಗೋಲಿಯಷ್ಟು ದೊಡ್ಡದು. ಮೊಟ್ಟೆ ಒಡೆದ ಮೇಲೂ ಮರಿಗಳು ಸ್ವಲ್ಪ ದಿನ ಬಾಯಲ್ಲೇ ಇರುತ್ತವೆ. ಅಷ್ಟೂ ವಾರಗಳು ಅಪ್ಪನಿಗೆ ಹೆಚ್ಚುಕಡಿಮೆ ಉಪವಾಸ. ಬಾಯಿ ತುಂಬಾ ಮಕ್ಕಳಿದ್ದರೆ ತಿನ್ನೋದು ಹೇಗೆ? ಇಲ್ಲಿ ಅವುಗಳಿಗೆ ಈ ಬೇಸಿಗೆಯೇ ಮರಿಗಳ ಕಾಲ.

"ಅಯ್ಯೋ, ನಾನು ಹಿಡಿದದ್ದರ ಬಾಯಲ್ಲೂ ಮರಿ ಇತ್ತಾ?" ಅಂತ ಈಗ ಕೇಳುತ್ತೀಯ, ಗೊತ್ತು. ಇದ್ದಿರಲಿಕ್ಕಿಲ್ಲ. ಮರಿ ಇದ್ದರೆ ಅದು ನಿನ್ನ ಗಾಳದ ಕಡೆ ತಿರುಗಿ ನೋಡುವುದೇ ಅಪರೂಪ. ಗಾಳಕ್ಕೆ ಬೀಳೋದು ಹಸಿದ ಮೀನು. ಬಲೆಗೆ ಮಾತ್ರ ಹಸಿದವರು, ಉಪವಾಸ ಇರುವವರು ಅಂತ ಭೇದ ಇಲ್ಲ.

ಇದು ಸುಮ್ನೆ ಹೇಳಿದ ಮಾತಲ್ಲ, ನಮ್ಮ ಕಡಲಲ್ಲೇ ಆದದ್ದು. ಮೊದಲು ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಇತ್ತು. ದಡದಿಂದ ಹಾಕಿ, ಊರಿನವರೆಲ್ಲ ಸೇರಿ ಎಳೆಯುವ ಬಲೆ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುಹಾಕಿ, ತಳ ಬಿಗಿದು, ಇಡೀ ಹಿಂಡನ್ನೇ ಎತ್ತುವ ಬಲೆ ಅದು. ರಂಪಣಿಯವರಿಗೂ ಅವರಿಗೂ ದೊಡ್ಡ ಜಗಳಗಳೇ ಆದವು. ಬಂಗುಡೆ, ಬೂತಾಯಿಗೆ ಅಂತ ಬಂದ ಆ ಬಲೆಗೆ ಶೆಡೆಯ ಹಿಂಡುಗಳೂ ಸಿಕ್ಕವು, ಅದೂ ಬಾಯಿ ತುಂಬಾ ಮೊಟ್ಟೆ ಇಟ್ಟುಕೊಂಡ ಅಪ್ಪಂದಿರ ಹಿಂಡು. ಬಲೆ ಎಳೆಯುವಾಗ ಮೊಟ್ಟೆಗಳು ಬಾಯಿಂದ ಉದುರಿ ರಾಶಿ ರಾಶಿ ಹಾಳಾದವು. 1980ರ ದಶಕದ ಶುರುವಿನಲ್ಲೇ ಮೀನುಗಾರಿಕೆ ವಿಜ್ಞಾನಿಗಳು ಇದನ್ನು ಬರೆದು ಎಚ್ಚರಿಸಿದ್ದರು. ಕೇಳಿದವರು ಕಡಿಮೆ. ಬಂಗುಡೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ, ಒಂದು ವರ್ಷ ಸೋತರೂ ಮತ್ತೆ ಎದ್ದು ನಿಲ್ಲಬಹುದು. ಶೆಡೆ ಇಡೋದು ಕೆಲವೇ ಮೊಟ್ಟೆ. ಕೆಲವು ವರ್ಷಗಳಲ್ಲೇ ನಮ್ಮ ಕಡೆ ಶೆಡೆ ಕಾಣೋದೇ ಕಷ್ಟ ಆಯಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅದರಲ್ಲಿ ಎರಡು ಪ್ರಶ್ನೆ ಇವೆ.

ಬಿಡೋದು ಯಾಕೆ ಅನ್ನೋದು ಸುಲಭ. ನೀನು ಎರಡನೆಯದಾಗಿ ಹಿಡಿದೆಯಲ್ಲ, ಪಕ್ಕದಲ್ಲಿ ಕಪ್ಪು ಗೆರೆ ಇದ್ದ ಉದ್ದ ಮೀನು, ಅದು ಸ್ನೂಕ್. ಕ್ಯಾಪ್ಟನ್ ಮೊದಲು ನಿನ್ನ ಕೈ ಒದ್ದೆ ಮಾಡಿಸಿದರು, ಒಣ ಕೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತೆ ಅಂತ. ಅದರ ಕೆಳದವಡೆ ಉಪ್ಪುಕಾಗದದ ಹಾಗೆ ಒರಟಾಗಿತ್ತು, ಹೆಬ್ಬೆರಳು ತೋರಿಸಿ "ಗೀರಿದೆ ನೋಡು" ಅಂತ ಮನೆ ತನಕ ಹೆಮ್ಮೆಪಟ್ಟೆ. ಸ್ನೂಕ್ ಹುಟ್ಟುವಾಗ ಗಂಡು. ಬೆಳೆದು ದೊಡ್ಡದಾಗುತ್ತಾ ಹೆಣ್ಣಾಗುತ್ತೆ. ಅಂದರೆ ದೊಡ್ಡ ಸ್ನೂಕ್‌ಗಳಲ್ಲಿ ಹೆಚ್ಚಿನವು ಅಮ್ಮಂದಿರೇ. ದೊಡ್ಡದನ್ನೇ ಹುಡುಕಿ ಹುಡುಕಿ ತಿಂದರೆ ಕೊನೆಗೆ ಗಂಡುಗಳೇ ಉಳಿಯುತ್ತವೆ. ಬೇಸಿಗೆಯಲ್ಲಿ ಅವು ಮೊಟ್ಟೆ ಇಡೋಕೆ ಅಳಿವೆ ಕಡೆ ಸೇರುತ್ತವೆ, ಅದಕ್ಕೇ ಈಗ ಯಾವ ಸ್ನೂಕನ್ನೂ ಮನೆಗೆ ತರುವಂತಿಲ್ಲ. ಇದೇ ಹೊತ್ತಿಗೆ ಗಂಗೊಳ್ಳಿಯ ಬಂದರಿನಲ್ಲೂ ದೊಡ್ಡ ಬೋಟುಗಳು ಕಟ್ಟಿ ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರ ತನಕ ಅಲ್ಲೂ ರಜೆ.

2018ರಲ್ಲಿ ಇಲ್ಲಿ ಸಮುದ್ರದಲ್ಲಿ ಕೆಂಪು ಪಾಚಿ ಎದ್ದು ರಾಶಿಗಟ್ಟಲೆ ಮೀನು ಸತ್ತಿತ್ತು. ಆಮೇಲೆ ಈ ಕಡೆ ಸ್ನೂಕ್, ರೆಡ್‌ಫಿಶ್ ಯಾವುದನ್ನೂ ಕೆಲವು ವರ್ಷ ಮನೆಗೆ ಒಯ್ಯುವಂತಿರಲಿಲ್ಲ. ಹಿಡಿ, ಬಿಡು, ಅಷ್ಟೇ. ಅದಕ್ಕೂ ಮುಂಚೆ, 1994ರಲ್ಲಿ ಫ್ಲೋರಿಡಾದ ಜನ ವೋಟು ಹಾಕಿ ದಡದ ಹತ್ತಿರ ಮೀನು ಸಿಕ್ಕಿಸುವ ದೊಡ್ಡ ಬಲೆಗಳನ್ನೇ ನಿಲ್ಲಿಸಿದರು. ನಾವು ಇದ್ದ ಕಡೆಯಿಂದ ದಕ್ಷಿಣಕ್ಕೆ ಕಾರ್ಟೆಜ್ ಅಂತ ಹಳೇ ಮೀನುಗಾರರ ಊರಿದೆ, ತಲೆಮಾರುಗಳಿಂದ ಬಲೆಯನ್ನೇ ನಂಬಿದ್ದ ಊರು. ಅವರಿಗೆ ಅದು ಹೊಟ್ಟೆ ಮೇಲೆ ಬಿದ್ದ ಏಟು. ಮೀನಿಗೆ ಒಳ್ಳೆಯದಾಯಿತು ಅಂತ ಹೇಳುವ ನಮ್ಮಂಥವರು ವಾರಕ್ಕೊಮ್ಮೆ ಖುಷಿಗೆ ಬೋಟು ಹತ್ತುವವರು, ಅಲ್ವಾ? ನಾನು ಬಲೆಯವರ ಊರಿನವನು. ಆ ವಿಷಯದಲ್ಲಿ ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಇಲ್ಲ.

ಇನ್ನು, ಹಿಡಿಯೋದ್ಯಾಕೆ? ಇದಕ್ಕೆ ಸುತ್ತಿ ಬಳಸಿ ಉತ್ತರ ಕೊಡಲ್ಲ. ನಮ್ಮ ಖುಷಿಗೆ. ಮೀನಿಗೆ ಇದರಿಂದ ಏನೂ ಲಾಭ ಇಲ್ಲ. ಬಿಟ್ಟ ಮೇಲೆ ಎಲ್ಲವೂ ಬದುಕುತ್ತವೆ ಅನ್ನೋದೂ ಪೂರ್ತಿ ನಿಜ ಅಲ್ಲ. ಸ್ನೂಕ್ ಗಟ್ಟಿ ಜೀವ. ಇಲ್ಲಿಯ ವಿಜ್ಞಾನಿಗಳು ನೋಡಿದಾಗ ಬಿಟ್ಟ ನೂರರಲ್ಲಿ ಸುಮಾರು 2 ಸತ್ತಿದ್ದವು. ಬೇರೆ ಮೀನುಗಳಲ್ಲಿ ಅದು ಜಾಸ್ತಿ, ನೀರು ಬೆಚ್ಚಗಾದಷ್ಟೂ ಇನ್ನೂ ಜಾಸ್ತಿ. ಬಿಟ್ಟ ಮೀನು ಸುಧಾರಿಸಿಕೊಳ್ಳುವ ಮೊದಲೇ ಬಾಯಿ ಹಾಕೋಕೆ ಡಾಲ್ಫಿನ್ ಬೋಟಿನ ಹಿಂದೆಯೇ ಇರುತ್ತೆ. ನಿನ್ನ ತಮ್ಮ ಚಪ್ಪಾಳೆ ತಟ್ಟಿದ್ದು ಅಂಥದ್ದನ್ನೇ ನೋಡಿ.

ಅದಕ್ಕೇ ನನ್ನದೊಂದು ಲೆಕ್ಕ ಇದೆ. ಮನೆಗೆ ಬೇಕಾದಷ್ಟು ಸಿಕ್ಕ ಮೇಲೆ ಗಾಳ ಮೇಲೆತ್ತಬೇಕು. ಚುಕ್ಕೆ ಚುಕ್ಕೆಯ ಸೀ ಟ್ರೌಟ್ ಸಿಕ್ಕಾಗ ಅಳತೆ ಹಲಗೆಯ ಮೇಲೆ ಬಾಯಿ ಮುಚ್ಚಿಸಿ, ಬಾಲ ಒತ್ತಿ ಅಳೆದದ್ದು ನೆನಪಿದೆಯಾ? 15ರಿಂದ 19 ಇಂಚಿನ ಒಳಗಿದ್ದರೆ ಮಾತ್ರ ಇಟ್ಟುಕೊಳ್ಳಬಹುದು ಅಂತ ಹೇಳಿ, ನಿನ್ನದು 16 ಅಂದಾಗ ನೀನು ಕುಣಿದೆ. ಅದು ನಮ್ಮ ಕಲ್ಲೂರು ಮೀನಿನ ಕುಟುಂಬದ್ದು. ಇದರ ತಲೆಯೊಳಗೂ ಕಿವಿಯ ಹತ್ತಿರ ಎರಡು ಬಿಳಿ ಕಲ್ಲು ಇರುತ್ತವೆ, ಕೊಯ್ದು ನೋಡಿದರೆ ಮರದ ಕಾಂಡದಲ್ಲಿ ಇರುವಂಥ ಉಂಗುರಗಳಿಂದ ವಯಸ್ಸು ಗೊತ್ತಾಗುತ್ತೆ. ನಮ್ಮದರ ಕಲ್ಲುಗಳು ಅಡುಗೆಮನೆ ಕಿಟಕಿಯಲ್ಲಿ ಒಣಗುತ್ತಿವೆ, ಮುಟ್ಟಬೇಡ. ಆ ಮೀನು ಐಸಿಗೆ ಹೋದ ಮೇಲೆ ಕ್ಯಾಪ್ಟನ್ "ಇನ್ನೂ ಟೈಮ್ ಇದೆ" ಅಂದರೂ "ಸಾಕು, ಮಕ್ಕಳಿಗೆ ಮುರಿದ ಸೇತುವೆ ತೋರಿಸಿ" ಅಂದದ್ದು ನಾನೇ. ನಿನಗೆ ಬೇಜಾರಾಯಿತು. ನನ್ನ ಲೆಕ್ಕ ಇದು. ದೊಡ್ಡವಳಾದ ಮೇಲೆ ನಿನ್ನದು ಬೇರೆ ಇರಬಹುದು.

ಅಂದಹಾಗೆ ಆ ಸೇತುವೆ ಹಳೇ ಸ್ಕೈವೇ. 1980ರ ಮೇ ತಿಂಗಳಲ್ಲಿ ಬಿರುಗಾಳಿಯ ಬೆಳಗ್ಗೆ ಹಡಗು ಬಡಿದು ಮಧ್ಯದ ಭಾಗ ಕುಸಿಯಿತು, 35 ಜನ ಸತ್ತರು. ಉಳಿದ ತುಂಡುಗಳನ್ನು ಮೀನು ಹಿಡಿಯುವವರಿಗೆ ಅಂತ ಬಿಟ್ಟಿದ್ದಾರೆ. ಅಲ್ಲಿಗೆ ಬೋಟಿನ ಖರ್ಚೂ ಇಲ್ಲ, 16 ವರ್ಷದ ಒಳಗಿನ ನಿನಗೆ ಲೈಸೆನ್ಸೂ ಬೇಡ. ಅಕ್ಟೋಬರ್‌ನಲ್ಲಿ ಬಿಸಿಲು ಇಳಿದ ಮೇಲೆ ಹೋಗೋಣ. ಅಲ್ಲಿ ಪೆಲಿಕನ್‌ಗಳ ಕಾಟ ಜಾಸ್ತಿ. ದಾರಕ್ಕೆ ಸಿಕ್ಕಿಕೊಂಡರೆ ಕತ್ತರಿಸಿ ಓಡಿಸಬಾರದು, ಮೆಲ್ಲಗೆ ಹತ್ತಿರ ಎಳೆದು ಬಿಡಿಸಬೇಕು. ಆ ಕೆಲಸ ಮಾತ್ರ ನನಗೆ ಬಿಡು. ಅಷ್ಟರೊಳಗೆ ಗಾಳಕ್ಕೆ ಗಂಟು ಹಾಕೋದನ್ನು ನೀನೇ ಕಲಿತಿರಬೇಕು. ದಾರ ಮೇಜಿನ ಮೇಲಿದೆ, ಗಾಳದ ಬದಲು ಸೇಫ್ಟಿ ಪಿನ್ ಮುಚ್ಚಿ ಇಟ್ಟುಕೊಂಡು ಅಭ್ಯಾಸ ಮಾಡು.

ಭಾನುವಾರ ಅಜ್ಜಿಗೆ ಫೋನ್ ಮಾಡಿದಾಗ ಟ್ರೌಟಿಗೆ ಮಸಾಲೆ ಹಚ್ಚಿ ಹುರಿದದ್ದನ್ನೇ ಹೇಳು. ಶೆಡೆಯನ್ನು ನೀರಿಗೆ ಬಿಟ್ಟ ವಿಷಯ ಎತ್ತಬೇಡ, ನನಗೆ ಬೈಗುಳ ಗ್ಯಾರಂಟಿ. ನಾನು ಬರೆದದ್ದು ಒಪ್ಪಿಗೆ ಆಗದಿದ್ದರೆ ನನಗೆ ಬರೆದು ಕೊಡು. ಕನ್ನಡದಲ್ಲಿ ಬರೆದರೆ ಕಾಗುಣಿತ ತಿದ್ದಲ್ಲ.

ಅಪ್ಪ