ಯೂನಿವರ್ಸಿಟಿ ಮತ್ತೆ ಹಳ್ಳಿಗೆ ಬರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇತಿಹಾಸದ ಬಗ್ಗೆ ಬಂದ ಲೇಖನ ಓದಿದೆ. 1916ರ ಜುಲೈ 27, ನಾಲ್ವಡಿಯವರು, ದಿವಾನ್ ವಿಶ್ವೇಶ್ವರಯ್ಯನವರು, ಕ್ರಾಫರ್ಡ್ ಹಾಲಿನ ದೊಡ್ಡ ಫೋಟೋ, ಕೊನೆಗೆ ಅಲ್ಲಿ ಓದಿ ಹೆಸರು ಮಾಡಿದವರ ಪಟ್ಟಿ. ಎಲ್ಲ ಸರಿಯಾಗಿಯೇ ಇದೆ. ಆದರೆ ಒಂದು ಹೆಸರಿಗಾಗಿ ಎರಡು ಸಲ ಹುಡುಕಿದೆ, ಸಿಗಲಿಲ್ಲ. ಪ್ರಸಾರಾಂಗ, ಅಂದರೆ ಪುಸ್ತಕ ಅಚ್ಚು ಹಾಕಿಸುವ, ಹಳ್ಳಿಗಳಲ್ಲಿ ಭಾಷಣ ಮಾಡಿಸುವ ಯೂನಿವರ್ಸಿಟಿಯ ವಿಭಾಗ. ಈ ಪತ್ರ ಅದಕ್ಕೇ.

ನಾನು ಕೆ.ಆರ್. ನಗರ ತಾಲ್ಲೂಕಿನವನು, ನಿವೃತ್ತ ಮೇಷ್ಟರು. ನಮ್ಮಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅವರ ಟ್ರಂಕಿನಲ್ಲಿ ಕಂದಾಯದ ರಸೀದಿಗಳ ಜೊತೆ ಹಾವುಗಳ ಬಗ್ಗೆ ಒಂದು ಪುಟ್ಟ ಪುಸ್ತಕ ಇತ್ತು. ಅದರ ಮೇಲೆ ಮೈಸೂರು ವಿಶ್ವವಿದ್ಯಾನಿಲಯ ಎಂದು ಅಚ್ಚಾಗಿತ್ತು. ಅಪ್ಪನಿಗೂ ಯೂನಿವರ್ಸಿಟಿಗೂ ಎತ್ತಣ ಸಂಬಂಧ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು. ಒಂದು ಸಂಜೆ ಮೈಸೂರಿನಿಂದ ಪ್ರೊಫೆಸರ್ ಒಬ್ಬರು ಬಂದರು. ಸ್ಕೂಲಿನ ಜಗಲಿಯಲ್ಲಿ ಗ್ಯಾಸ್‌ಲೈಟ್ ಹಚ್ಚಿದರು. ಯಾವ ಹಾವಿಗೆ ವಿಷ ಇದೆ, ಯಾವುದಕ್ಕಿಲ್ಲ ಅಂತ ನಮ್ಮ ಕಡೆಯ ಮಾತಿನಲ್ಲೇ ಬಿಡಿಸಿ ಹೇಳಿದರು. ಜನ ರಾತ್ರಿ ಹತ್ತು ಗಂಟೆಯವರೆಗೆ ಪ್ರಶ್ನೆ ಕೇಳಿದರು. ಆವತ್ತಿನಿಂದ ಅಪ್ಪ ಕೇರೆಹಾವು ಹೊಡೆಯಲು ಯಾರನ್ನೂ ಬಿಡುತ್ತಿರಲಿಲ್ಲ. 'ಇಲಿ ತಿನ್ನುತ್ತೆ, ಅದರ ಪಾಡಿಗೆ ಅದನ್ನ ಬಿಡ್ರೋ' ಎನ್ನುತ್ತಿದ್ದರು.

ಆ ಪ್ರೊಫೆಸರ್ ಸುಮ್ನೆ ದಾರಿ ತಪ್ಪಿ ಬಂದವರಲ್ಲ. ಯೂನಿವರ್ಸಿಟಿಯೇ ಕಳಿಸಿತ್ತು. ಹಳ್ಳಿಗಳಲ್ಲಿ ಪ್ರಚಾರೋಪನ್ಯಾಸ ಮಾಡಿಸುವ ಕೆಲಸ 1930ರ ದಶಕದಲ್ಲೇ ಶುರುವಾಗಿತ್ತು. ಆ ಭಾಷಣಗಳೇ ಆಮೇಲೆ ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಬರುತ್ತಿದ್ದವು. ಕುವೆಂಪು 1956ರಿಂದ 1960ರವರೆಗೆ ಉಪಕುಲಪತಿಯಾಗಿದ್ದಾಗ ಈ ಕೆಲಸಕ್ಕೆ ಜಾಸ್ತಿ ಬಲ ಬಂತು. (ಆಗ ಉಪಕುಲಪತಿ ಎಂದೇ ಕರೆಯುತ್ತಿದ್ದರು. ಈಗ ಅದೇ ಕುರ್ಚಿಗೆ ಕುಲಪತಿ ಅನ್ನುತ್ತಾರೆ. ಹೆಸರಿಗಾದರೂ ಬಡ್ತಿ ಸಿಕ್ಕಿತಲ್ಲ!) ಯೂನಿವರ್ಸಿಟಿಯ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂಬ ಹೆಸರು ಇಟ್ಟವರೂ ಅವರೇ. ಗಂಗೋತ್ರಿ ಅಂದರೆ ನದಿ ಹುಟ್ಟುವ ಜಾಗ. ಹುಟ್ಟಿದ ನೀರು ಅಲ್ಲೇ ನಿಂತುಬಿಟ್ಟರೆ ಅದನ್ನು ನಾವು ಕೆರೆ ಅನ್ನುತ್ತೇವೆ, ಅಲ್ವಾ?

ಈ ಯೂನಿವರ್ಸಿಟಿ ಯಾಕೆ ಹುಟ್ಟಿತು ಅನ್ನುವುದನ್ನೂ ಸ್ವಲ್ಪ ನೆನಪಿಸಿಕೊಳ್ಳಬೇಕು. ಅದಕ್ಕೆ ಮುಂಚೆ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಾಠ ನಮ್ಮಲ್ಲಿ, ಪದವಿ ಅಲ್ಲಿಂದ. ಅದು ಬೇಡ, ನಮ್ಮ ಸಂಸ್ಥಾನಕ್ಕೆ ನಮ್ಮದೇ ಒಂದು ಇರಲಿ ಅಂತ ಮಾಡಿದರು. ದೇಶೀ ಸಂಸ್ಥಾನವೊಂದು ಕಟ್ಟಿದ ಮೊದಲ ಯೂನಿವರ್ಸಿಟಿ ಇದು. ದುಡ್ಡು ಬಂದದ್ದು ಸಂಸ್ಥಾನದ ಬೊಕ್ಕಸದಿಂದ. ಬೊಕ್ಕಸಕ್ಕೆ ಎಲ್ಲಿಂದ ಬಂತು ಅನ್ನುವುದಕ್ಕೆ ಅಪ್ಪನ ಟ್ರಂಕಿನಲ್ಲಿದ್ದ ರಸೀದಿಗಳೇ ಸಾಕ್ಷಿ.

ಹಾಗಿದ್ದರೂ ಇಲ್ಲಿ ಕನ್ನಡ ಎಂ.ಎ. ಶುರುವಾಗಲು 1927 ಆಗಬೇಕಾಯಿತು. ಹುಟ್ಟಿ ಹನ್ನೊಂದು ವರ್ಷವಾದ ಮೇಲೆ! 1946ರಲ್ಲಿ ದೊಡ್ಡ ಇಂಗ್ಲಿಷ್-ಕನ್ನಡ ನಿಘಂಟು ಬಂತು, 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ. 1969ರಲ್ಲಿ ಅಂಚೆ ಮೂಲಕ ಪಾಠ ಹೇಳುವುದನ್ನೂ ಶುರು ಮಾಡಿದರು. ಅದೇ ಬೆಳೆದು 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಾನು ಎಂ.ಎ. ಮಾಡಿಕೊಂಡಿದ್ದು ಆ ಅಂಚೆ ಪಾಠದಿಂದಲೇ, ಸ್ಕೂಲು ಬಿಟ್ಟ ಮೇಲೆ ರಾತ್ರಿ ಕೂತು ಓದಿ. ಕಾಲೇಜಿನ ಗೇಟು ದಾಟಲಾಗದವರ ಹತ್ತಿರ ತಾನೇ ಹೋಗಬೇಕು ಅನ್ನುವ ಬುದ್ಧಿ ಈ ಯೂನಿವರ್ಸಿಟಿಗೆ ಮೊದಲಿನಿಂದಲೂ ಇತ್ತು ಅನ್ನುವುದಕ್ಕೆ ಇದನ್ನೆಲ್ಲ ಹೇಳಿದೆ.

ಈಗ ಆ ಬುದ್ಧಿ ಎಲ್ಲಿ ಹೋಯಿತು? ಮೂವತ್ತು ವರ್ಷದಿಂದ ನಮ್ಮೂರಿಗೆ ಒಬ್ಬ ಪ್ರೊಫೆಸರೂ ಭಾಷಣಕ್ಕೆ ಬಂದಿಲ್ಲ. ಅವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಹುದ್ದೆ ಖಾಲಿ, ಪಾಠಕ್ಕೆ ಅತಿಥಿ ಉಪನ್ಯಾಸಕರೇ ಗತಿ, ಪಿಂಚಣಿಗೆ ದುಡ್ಡಿಲ್ಲ ಅಂತ ನಿಮ್ಮ ಪತ್ರಿಕೆಯಲ್ಲೇ ಓದುತ್ತಿರುತ್ತೇನೆ. ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು 'ವಿಸ್ತರಣಾ ಚಟುವಟಿಕೆ' ಅಂತ ಒಂದು ಕಲಂ ಇಟ್ಟಿದ್ದಾರೆ ನಿಜ. ಆದರೆ ಅದನ್ನು ತುಂಬಿಸಲು ಎನ್‌ಎಸ್‌ಎಸ್ ಶಿಬಿರದ ನಾಲ್ಕು ಫೋಟೋ ಸಾಕಾಗುತ್ತೆ ಅಂತ ಕಾಣುತ್ತದೆ.

ಯೂಟ್ಯೂಬ್ ಇರುವಾಗ ಪ್ರೊಫೆಸರ್ ಯಾಕೆ ತಾತ ಅಂತ ಮೊಮ್ಮಗ ಕೇಳುತ್ತಾನೆ. ಹೋದ ಮಳೆಗಾಲದಲ್ಲಿ ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಹಾವು ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ದು ರಕ್ತ ಹೀರಬೇಕಂತೆ! ಇದು ತಪ್ಪು, ಪ್ರಾಣಕ್ಕೇ ಅಪಾಯ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಒಯ್ಯಬೇಕು ಅಂತ ನಾನು ಬರೆದೆ. 'ಮೇಷ್ಟ್ರೇ, ನಿಮಗೇನು ಗೊತ್ತು' ಅಂತ ಉತ್ತರ ಬಂತು. ಅವತ್ತು ಗ್ಯಾಸ್‌ಲೈಟಿನ ಆ ಪ್ರೊಫೆಸರ್ ನೆನಪಾದರು.

ಎರಡೇ ಕೋರಿಕೆ. ಪ್ರಸಾರಾಂಗದ ಹಳೆಯ ಪ್ರಚಾರ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಬಿಟ್ಟಿಯಾಗಿ ಓದುವ ಹಾಗೆ ಮಾಡಲಿ. ಮಾಹಿತಿ ಹಳೆಯದಾಗಿದ್ದ ಕಡೆ ಹೊಸದಾಗಿ ಬರೆಸಲಿ. ಇನ್ನೊಂದು, ಒಂದೊಂದು ವಿಭಾಗದವರೂ ವರ್ಷಕ್ಕೆ ನಾಲ್ಕು ಸಂಜೆ ಹಳ್ಳಿಗೆ ಬಂದು ಮಾತಾಡಲಿ. ಮಂಡ್ಯ, ಹಾಸನ, ಚಾಮರಾಜನಗರಕ್ಕೆ ಬೇರೆ ಯೂನಿವರ್ಸಿಟಿ ಮಾಡಿದರು, ಆಮೇಲೆ ಮತ್ತೆ ಸೇರಿಸುವ ಮಾತೂ ಬಂತು. ಸೇರಿಸಲಿ, ಬಿಡಲಿ, ನಮ್ಮ ತಾಲ್ಲೂಕಿನಿಂದ ಮಾನಸಗಂಗೋತ್ರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಅಷ್ಟೆ.

ಸ್ಕೂಲಿನ ಜಗಲಿ ಇನ್ನೂ ಗಟ್ಟಿಯಾಗಿದೆ. ಈಗ ಕರೆಂಟೂ ಇದೆ. ಮೈಕಿನ ವ್ಯವಸ್ಥೆ ನಾನು ಮಾಡಿಸುತ್ತೇನೆ. ಬಂದವರಿಗೆ ರಾತ್ರಿ ಊಟ ನಮ್ಮ ಮನೆಯಲ್ಲೇ.

ಇಂತಿ,
ಒಬ್ಬ ನಿವೃತ್ತ ಮೇಷ್ಟರು,
ಕೆ.ಆರ್. ನಗರ ತಾಲ್ಲೂಕು