ಮರುಬಳಕೆಯ ಲೆಕ್ಕದಲ್ಲಿ ಉಪ್ಪೂ ಇರಲಿ

ಮಾನ್ಯ ಸಂಪಾದಕರೇ,

ಪೆಟ್ ಬಾಟಲಿಗಳನ್ನು (ನೀರು, ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಗಳು) ಮೂಲ ಘಟಕಗಳಿಗೆ ಒಡೆಯುವ ರಾಸಾಯನಿಕ ಮರುಬಳಕೆಯ ವರದಿಗಳು ಎಷ್ಟು ಪ್ಲಾಸ್ಟಿಕ್ ಮರಳಿ ಸಿಕ್ಕಿತು ಎಂಬಲ್ಲಿಗೇ ನಿಲ್ಲುತ್ತವೆ. ಅದರ ಜೊತೆ ಏನೇನು ಒಳಹೋಯಿತು, ಏನು ಹೊರಬಿತ್ತು ಎಂಬುದು ಗೊತ್ತಾಗದೆ ಒಂದು ವಿಧಾನವನ್ನು ‘ಹಸಿರು’ ಎನ್ನುವುದು ಸರಿಯಲ್ಲ.

ಕಾಸ್ಟಿಕ್ ಸೋಡಾದಿಂದ ಒಡೆಯುವ ವಿಧಾನವನ್ನೇ ನೋಡಿ. 1 ಕಿಲೋ ಪೆಟ್‌ಗೆ ಸಮೀಕರಣದ ಪ್ರಕಾರ ಸುಮಾರು 415 ಗ್ರಾಂ ಸೋಡಾ ಬೇಕು. ಆಗ ಸಿಗುವುದು ಪೆಟ್‌ನ ಮೂಲ ಘಟಕವಾದ ಟೆರೆಫ್ತಾಲಿಕ್ ಆಮ್ಲವಲ್ಲ, ಅದರ ಸೋಡಿಯಂ ಲವಣ. ಆಮ್ಲ ಬೇಕಿದ್ದರೆ 510 ಗ್ರಾಂ ಸಲ್ಫ್ಯೂರಿಕ್ ಆಮ್ಲ ಸೇರಿಸಬೇಕು. ಕೊನೆಗೆ 865 ಗ್ರಾಂ ಟೆರೆಫ್ತಾಲಿಕ್ ಆಮ್ಲ, ಇನ್ನೊಂದು ಘಟಕವಾದ ಎಥಿಲೀನ್ ಗ್ಲೈಕಾಲ್ 320 ಗ್ರಾಂ ಕೈಗೆ ಬರುತ್ತದೆ. ಜೊತೆಗೇ 740 ಗ್ರಾಂ ಸೋಡಿಯಂ ಸಲ್ಫೇಟ್ ಎಂಬ ಉಪ್ಪು! ಅದು ಡಿಟರ್ಜೆಂಟಿಗೋ ಗಾಜಿಗೋ ಹೋದರೆ ಸರಿ. ನೀರಲ್ಲಿ ಕರಗಿ ಚರಂಡಿ ಸೇರಿದರೆ ಒಂದು ಕಸ ಇನ್ನೊಂದಾಗಿ ಬದಲಾಯಿತಷ್ಟೆ.

ಕಿಣ್ವಗಳಿಂದ ಪೆಟ್ ಒಡೆಯುವ ವಿಧಾನಕ್ಕೂ ಈ ಉಪ್ಪಿನಿಂದ ಪೂರ್ತಿ ಬಿಡುಗಡೆಯಿಲ್ಲ. 2020ರಲ್ಲಿ ಪ್ರಕಟವಾದ ಸುಧಾರಿತ ಕಿಣ್ವವೊಂದು 72 ಡಿಗ್ರಿಯಲ್ಲಿ 10 ಗಂಟೆಯೊಳಗೆ ಪೆಟ್‌ನ ಶೇ 90ರಷ್ಟನ್ನು ಒಡೆಯಿತು. ನಿಜಕ್ಕೂ ದೊಡ್ಡ ಸಾಧನೆ. ಆದರೆ ಬಿಡುಗಡೆಯಾಗುವ ಆಮ್ಲ ಕಿಣ್ವದ ಕೆಲಸವನ್ನೇ ಕುಂಠಿಸುವುದರಿಂದ ಅದನ್ನು ತಟಸ್ಥಗೊಳಿಸಲು ಕ್ಷಾರ ಸುರಿಯುತ್ತಲೇ ಇರಬೇಕು, ಆಮೇಲೆ ಲವಣದಿಂದ ಆಮ್ಲ ಪಡೆಯಲು ಮತ್ತೆ ಸಲ್ಫ್ಯೂರಿಕ್ ಆಮ್ಲ. ಅದೇ ಉಪ್ಪು.

ಗ್ಲೈಕಾಲಿಸಿಸ್‌ನಲ್ಲಿ ಈ ಉಪ್ಪು ಹುಟ್ಟುವುದಿಲ್ಲ. ಸತುವಿನ ಅಸಿಟೇಟನ್ನು ವೇಗವರ್ಧಕವಾಗಿ ಸ್ವಲ್ಪವೇ ಹಾಕಿ, ಎಥಿಲೀನ್ ಗ್ಲೈಕಾಲ್‌ನಲ್ಲಿ ಸುಮಾರು 190 ಡಿಗ್ರಿಗೆ ಕಾಯಿಸಿದರೆ ಪೆಟ್ ತನ್ನ ಮೊನೊಮರ್ (ಪ್ಲಾಸ್ಟಿಕ್ ಸರಪಳಿ ಕಟ್ಟುವ ಚಿಕ್ಕ ಅಣು) ಆಗುತ್ತದೆ. ಇಲ್ಲಿನ ತೊಡಕು ಬೇರೆ: ಗ್ಲೈಕಾಲನ್ನು ಅಗತ್ಯಕ್ಕಿಂತ ಹಲವು ಪಟ್ಟು ಹಾಕಬೇಕು. ಉಳಿದದ್ದನ್ನು ಭಟ್ಟಿ ಇಳಿಸಿ ಮರಳಿ ಬಳಸದಿದ್ದರೆ ಲೆಕ್ಕ ಕೆಡುತ್ತದೆ, ಬಳಸಿದರೆ ಶಾಖದ ಖರ್ಚು. ಬಣ್ಣದ ಬಾಟಲಿಯಾದರೆ ಬಣ್ಣ ತೆಗೆಯಲು ಸಕ್ರಿಯ ಇದ್ದಿಲಿನ ಹಂತವೂ ಸೇರುತ್ತದೆ.

ಹಾಗಾಗಿ ತಿಳಿ ಬಣ್ಣದ, ಶುದ್ಧ ಬಾಟಲಿಗಳನ್ನು ಒಡೆಯುವ ಬದಲು ತೊಳೆದು ಕರಗಿಸುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೂ ಶಿಸ್ತು ಬೇಕು. ಚೂರುಗಳನ್ನು 160–170 ಡಿಗ್ರಿಯಲ್ಲಿ 4ರಿಂದ 6 ಗಂಟೆ ಒಣಗಿಸಿ, ತೇವವನ್ನು ದಶಲಕ್ಷಕ್ಕೆ 50 ಭಾಗಕ್ಕಿಂತ ಕೆಳಗಿಳಿಸಬೇಕು. ಇಲ್ಲದಿದ್ದರೆ ಕರಗುವಾಗ ನೀರೇ ಪೆಟ್ ಅಣುಗಳ ಉದ್ದ ಸರಪಳಿಯನ್ನು ತುಂಡರಿಸುತ್ತದೆ. ಸ್ನಿಗ್ಧತೆ (ಕರಗಿದ ಮಾಲಿನ ಗಟ್ಟಿತನ) ಕುಸಿದು ಮಾಲು ಬಾಟಲಿಗೆ ಒದಗದೆ ನೂಲಿಗೆ ಹೋಗುತ್ತದೆ.

ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್‌ನ ಲೇಬಲ್ ಇನ್ನೂ ಕೆಟ್ಟದ್ದು. ಪಾಲಿಪ್ರೊಪಿಲೀನ್ ಮುಚ್ಚಳ ನೀರಲ್ಲಿ ತೇಲಿ ಬೇರೆಯಾಗುತ್ತದೆ. ಪಿವಿಸಿಯ ಸಾಂದ್ರತೆ ಪೆಟ್‌ಗೆ ಹತ್ತಿರವಿರುವುದರಿಂದ ಎರಡೂ ಒಟ್ಟಿಗೆ ಮುಳುಗುತ್ತವೆ. ಪೆಟ್ ಕರಗುವ ಶಾಖಕ್ಕೆ ಪಿವಿಸಿ ಹೈಡ್ರೊಕ್ಲೋರಿಕ್ ಆಮ್ಲ ಬಿಟ್ಟು ಕಪ್ಪಾಗುತ್ತದೆ. 10 ಟನ್‌ಗೆ 1 ಕಿಲೋ ಬೆರೆತರೂ ಮಾಲು ಹಳದಿಯಾಗಿ ದುರ್ಬಲಗೊಳ್ಳಬಹುದು. ಬಾಟಲಿ ವಿನ್ಯಾಸ ಮಾಡುವವರು ನೀರಲ್ಲಿ ತೇಲುವ ಲೇಬಲ್, 80 ಡಿಗ್ರಿಯ ತೊಳೆತದಲ್ಲಿ ಬಿಡುವ ಅಂಟು ಆರಿಸಿದರೆ ಇದು ತಪ್ಪುತ್ತದೆ.

ಇನ್ನು ಮುಂದಿನ ವರದಿಗಳಲ್ಲಿ ಪ್ರತಿ ಕಿಲೋಗೆ ಬಳಸಿದ ಕ್ಷಾರ, ಆಮ್ಲ, ನಷ್ಟವಾದ ದ್ರಾವಕ, ಶಾಖ ಹಾಗೂ ಹೊರಬಿದ್ದ ಲವಣ ಎಷ್ಟೆಂದು ಕಂಪನಿಗಳನ್ನು ಕೇಳಿ ಪ್ರಕಟಿಸಬೇಕೆಂದು ಕೋರುತ್ತೇವೆ.

— ಪಾಲಿಮರ್ ರಸಾಯನ ಕ್ಷೇತ್ರದ ಓದುಗರು