ಆಡದಿರುವ ಹೊತ್ತಿಗೆ ಆಟದ ಪುಸ್ತಕ

ಮಾನ್ಯ ಸಂಪಾದಕರೇ,

ಹಲವರು ಕೂಡಿ ಆನ್‌ಲೈನಿನಲ್ಲಿ ಆಡುವ ಆಟಗಳಿಗೆ ಅಚ್ಚಾದ ಕೈಪಿಡಿಯನ್ನು ಕೊಳ್ಳುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಹಾಸನದವರೇ ಆದ ಒಬ್ಬರು ಬರೆದಿದ್ದರು. ಆಟ ಎರಡು ತಿಂಗಳಿಗೊಮ್ಮೆ ಎಂಬಂತೆ ಬದಲಾಗುತ್ತದೆ, ಪುಸ್ತಕ ಬದಲಾಗುವುದಿಲ್ಲ, ಆದ್ದರಿಂದ ಪುಸ್ತಕ ವ್ಯರ್ಥ ಎಂಬುದು ಅವರ ವಾದದ ತಿರುಳು. ಮೊದಲ ಎರಡು ಮಾತುಗಳನ್ನು ನಾನು ಒಪ್ಪುತ್ತೇನೆ. ಮೂರನೆಯದನ್ನು ಒಪ್ಪಲಾರದೆ ಈ ಪತ್ರ ಬರೆಯುತ್ತಿದ್ದೇನೆ. 2003ರಿಂದ ಒಂಬತ್ತು ವರ್ಷ ಸಾಲಗಾಮೆ ರಸ್ತೆಯಲ್ಲಿ ಎಂಟು ಕಂಪ್ಯೂಟರುಗಳ ಸೈಬರ್ ಸೆಂಟರ್ ನಡೆಸಿ, ಈಗ ಅದೇ ಮಳಿಗೆಯಲ್ಲಿ ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ ಇಟ್ಟುಕೊಂಡಿರುವ ನಾನು, ಇಂತಹ ಪುಸ್ತಕಗಳು ಯಾರ ಕೈಯಲ್ಲಿ ಹೇಗೆ ಉಪಯೋಗಕ್ಕೆ ಬರುತ್ತವೆ ಎಂಬುದನ್ನು ಸ್ವಲ್ಪ ಹತ್ತಿರದಿಂದಲೇ ನೋಡಿದವನು.

ಮೊದಲಿಗೆ ಅವರ ಪರವಾಗಿಯೇ ಒಂದು ಸಾಕ್ಷಿ ಹೇಳಿಬಿಡುತ್ತೇನೆ. ಹಿಂದಿನ ವರ್ಷ ವಸ್ತುಪ್ರದರ್ಶನದ ಮಳಿಗೆಯೊಂದರಲ್ಲಿ ವಿಮಾನದಿಂದ ಧುಮುಕಿ ಕೊನೆಯವರೆಗೆ ಬದುಕುಳಿಯಲು ಕಾದಾಡುವ ಬಿಜಿಎಂಐ ಎಂಬ ಮೊಬೈಲ್ ಆಟದ ‘ಸಂಪೂರ್ಣ ಗೈಡ್’ ಎಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ ಪುಸ್ತಕವೊಂದನ್ನು 399 ರೂಪಾಯಿ ಕೊಟ್ಟು ತಂದು, ಸಕಲೇಶಪುರದಲ್ಲಿರುವ ತಂಗಿಯ ಮಗನಿಗೆ ಕೊಟ್ಟೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ನೋಡಲು ಮಳಿಗೆಯವರು ಬಿಟ್ಟಿರಲಿಲ್ಲ. ಮನೆಯಲ್ಲಿ ಬಿಚ್ಚಿದರೆ ಮುಕ್ಕಾಲು ಪಾಲು ಬರೀ ಬಂದೂಕುಗಳ ಕೋಷ್ಟಕ, ಯಾವ ಬಂದೂಕಿನ ಒಂದು ಗುಂಡಿಗೆ ಎಷ್ಟು ಪೆಟ್ಟು, ಹಾರಿಸಿದಾಗ ಯಾವುದು ಎಷ್ಟು ಜಗ್ಗುತ್ತದೆ ಎಂಬ ಅಂಕಿಗಳು. ಹುಡುಗ ಐದು ನಿಮಿಷ ಹಾಳೆ ತಿರುವಿ, “ಮಾವ, ಇದು ಯಾವ ಕಾಲದ್ದು? ಈ ಗನ್ ಏರ್‌ಡ್ರಾಪಲ್ಲಿ ಮಾತ್ರ ಸಿಗುತ್ತೆ ಅಂತ ಬರೆದಿದ್ದಾರೆ, ಈಗ ಅದು ಸಿಕ್ಕಸಿಕ್ಕ ಮನೇಲೆಲ್ಲ ಬಿದ್ದಿರುತ್ತೆ” ಎಂದ. (ಏರ್‌ಡ್ರಾಪ್ ಎಂದರೆ ಆಟದ ನಡುವೆ ವಿಮಾನದಿಂದ ಬೀಳುವ ಪೆಟ್ಟಿಗೆ.) ಆಟದ ಯಾವ ಆವೃತ್ತಿಯನ್ನು ನೋಡಿ ಬರೆದದ್ದು, ಯಾವ ತಿಂಗಳಲ್ಲಿ ಅಚ್ಚಾದದ್ದು ಎಂಬುದು ಇಡೀ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಇಸವಿಯೇ ಇಲ್ಲದ ಬಸ್ ವೇಳಾಪಟ್ಟಿಯನ್ನು ನಿಲ್ದಾಣದ ಗೋಡೆಗೆ ಅಂಟಿಸುವವರು ಹಾಸನದಲ್ಲಿ ಯಾರೂ ಸಿಗಲಾರರು, ಆದರೆ ಆಟದ ಪುಸ್ತಕವನ್ನು ಹಾಗೆ ಮಾರುವವರಿದ್ದಾರೆ. ಇಂತಹ ಪುಸ್ತಕದ ಬಗ್ಗೆ ಪತ್ರ ಬರೆದವರಿಗೆ ಇರುವ ಸಿಟ್ಟು ನನಗೂ ಇದೆ.

ಅಂಕಿಗಳನ್ನೇ ನೆಚ್ಚಿಕೊಂಡ ಪ್ರಕಾಶನ ಬಾಳುವುದಿಲ್ಲ ಎಂಬುದಕ್ಕೆ ಅಮೆರಿಕದ ಉದಾಹರಣೆಯೂ ಇದೆ. 1990ರಲ್ಲಿ ಆರಂಭವಾಗಿ ಆಟದ ಕೈಪಿಡಿಗಳಿಗೆ ಹೆಸರಾಗಿದ್ದ ಪ್ರೈಮಾ ಗೇಮ್ಸ್, 2015ರಲ್ಲಿ ತನ್ನ ಪ್ರತಿಸ್ಪರ್ಧಿಯಾಗಿದ್ದ ಬ್ರೇಡಿಗೇಮ್ಸ್‌ನೊಂದಿಗೆ ಒಂದಾಗಿ, 2018ರ ನವೆಂಬರ್‌ನಲ್ಲಿ ಅಚ್ಚಿನ ಕೈಪಿಡಿಗಳ ಕೆಲಸವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಪುಸ್ತಕದಲ್ಲಿದ್ದ ಅಂಕಿಗಳೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ, ಅದೂ ಪುಸ್ತಕಕ್ಕಿಂತ ಸರಿಯಾಗಿ ಸಿಗುವಾಗ ಅದನ್ನು ಕೊಳ್ಳುವವರು ಕಡಿಮೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ನನ್ನ ಸೈಬರ್ ಸೆಂಟರ್‌ನಲ್ಲಿ ಕಂಡದ್ದು ಬೇರೆ. ಆಗ ಅಲ್ಲಿ ಹುಡುಗರು ಮುಗಿಬೀಳುತ್ತಿದ್ದದ್ದು ಕೌಂಟರ್ ಸ್ಟ್ರೈಕ್ ಮತ್ತು ಏಜ್ ಆಫ್ ಎಂಪೈರ್ಸ್ 2 ಎಂಬ ಎರಡು ಆಟಗಳಿಗೆ. ಎರಡನೆಯದು 1999ರಲ್ಲಿ ಮೈಕ್ರೋಸಾಫ್ಟ್ ಹೊರತಂದದ್ದು; ಹಳ್ಳಿಗರಿಂದ ಆಹಾರ, ಮರ, ಚಿನ್ನ, ಕಲ್ಲು ಕೂಡಿಸಿ, ಊರು ಕಟ್ಟಿ, ಯುಗದಿಂದ ಯುಗಕ್ಕೆ ಏರುತ್ತ ಎದುರಾಳಿಯ ಮೇಲೆ ಸೈನ್ಯ ಕಳಿಸುವ ಆಟ. ಅದರ ಡಬ್ಬಿಯೊಳಗೆ ಯಾವ ಕಟ್ಟಡದಿಂದ ಯಾವ ಸೈನಿಕ, ಯಾವುದಾದ ಮೇಲೆ ಯಾವುದು ಎಂಬುದನ್ನೆಲ್ಲ ವಂಶವೃಕ್ಷದ ಹಾಗೆ ತೋರಿಸುವ ಉದ್ದನೆಯ ಮಡಚಿದ ಹಾಳೆಯೊಂದು ಬರುತ್ತಿತ್ತು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಡಬ್ಬಿ ತಂದಾಗ ಸಿಕ್ಕಿದ ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ, ಪಕ್ಕದಲ್ಲಿ ಪುಸ್ತಕದಿಂದ ತೆಗೆದ ಬೆಲೆಪಟ್ಟಿಯ ಜೆರಾಕ್ಸ್ ಸೇರಿಸಿ, ಕಾಯುವವರ ಬೆಂಚಿನ ಮೇಲಿನ ಗೋಡೆಗೆ ಅಂಟಿಸಿದ್ದೆ. ಗಂಟೆಗೆ 20 ರೂಪಾಯಿ ದರ. ಓದುವುದಕ್ಕೆ ದರವಿರಲಿಲ್ಲ.

ಚನ್ನರಾಯಪಟ್ಟಣದ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬ ಶನಿವಾರ ಮಧ್ಯಾಹ್ನ ಬರುತ್ತಿದ್ದ. ಅವನ ಜೇಬಿನಲ್ಲಿ ಅರ್ಧ ಗಂಟೆಗೆ ಸಾಲುವಷ್ಟು, ಅಂದರೆ 10 ರೂಪಾಯಿ ಮಾತ್ರ ಇರುತ್ತಿತ್ತು. ತನ್ನ ಸರದಿ ಬರುವ ತನಕ ಬೆಂಚಿನ ಮೇಲೆ ಕೂರದೆ ಗೋಡೆಗೆ ಮುಖ ಮಾಡಿ ನಿಂತು, ಬೆರಳಿನಲ್ಲಿ ಗೆರೆ ಹಿಡಿದು ಆ ಹಾಳೆಯನ್ನು ಓದುತ್ತಿದ್ದ. ಎರಡನೆಯ ಯುಗಕ್ಕೆ ಏರಲು 500 ಫುಡ್, ಮೂರನೆಯದಕ್ಕೆ 800 ಫುಡ್ ಮತ್ತು 200 ಗೋಲ್ಡ್, ನಾಲ್ಕನೆಯದಕ್ಕೆ 1000 ಫುಡ್ ಮತ್ತು 800 ಗೋಲ್ಡ್. ಒಬ್ಬ ಹಳ್ಳಿಗನನ್ನು ಪಡೆಯಲು 50 ಫುಡ್. ಆಟ ಶುರುವಾಗುವಾಗ ಕೈಯಲ್ಲಿರುವ 200 ಫುಡ್ಡಿಗೆ ನಾಲ್ವರು ಹಳ್ಳಿಗರು, ಅಷ್ಟರೊಳಗೆ ಕುರಿಗಳನ್ನು ಹುಡುಕಿ ತರದಿದ್ದರೆ ಹಳ್ಳಿಗರನ್ನು ಕೊಡುವ ಟೌನ್ ಸೆಂಟರ್ ಎಂಬ ಕಟ್ಟಡ ಸುಮ್ಮನೆ ಕೂರುತ್ತದೆ. ಈ ಲೆಕ್ಕವನ್ನೆಲ್ಲ ಅವನು ನಿಂತಲ್ಲಿಯೇ ತುಟಿ ಅಲುಗಿಸುತ್ತ ಹಾಕಿಕೊಳ್ಳುತ್ತಿದ್ದ. ಕುರ್ಚಿ ಸಿಕ್ಕಿದ ಮೇಲೆ ಅವನ ಮೌಸ್ ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ದಿನವಿಡೀ ಆಡಿ 100 ರೂಪಾಯಿ ಕಟ್ಟುತ್ತಿದ್ದ ಹುಡುಗರು ಇನ್ನೂ ಎರಡನೆಯ ಯುಗದಲ್ಲಿ ತಡಕಾಡುತ್ತಿರುವಾಗ ಅವನು ಮೂರನೆಯದಕ್ಕೆ ಏರಿ ಅವರ ಬಾಗಿಲಿಗೆ ಕುದುರೆ ತಂದು ನಿಲ್ಲಿಸಿರುತ್ತಿದ್ದ. ಕುದುರೆಗೆ ಈಟಿಯವರು ಮದ್ದು ಎಂಬುದೂ ಆ ಹಾಳೆಯ ಪಕ್ಕದಲ್ಲಿಯೇ ಇತ್ತು, ಆದರೆ ಉಳಿದವರು ಯಾರೂ ಅದನ್ನು ಓದಿರಲಿಲ್ಲ.

ನನ್ನ ಬಳಿ ಇದ್ದದ್ದು ಮೂಲ ಆಟದ ಬೆಲೆಪಟ್ಟಿ, ಹುಡುಗರು ಆಡುತ್ತಿದ್ದದ್ದು 2000ದಲ್ಲಿ ಬಂದ ಕಾಂಕರರ್ಸ್ ಎಂಬ ಮುಂದುವರಿಕೆ ಸೇರಿದ ಆಟ. ಆಡಲು ಆರಿಸಿಕೊಳ್ಳುವ 13 ನಾಗರಿಕತೆಗಳಿದ್ದದ್ದು ಅದರಲ್ಲಿ 18 ಆಗಿದ್ದವು, 275 ವುಡ್ಡಿಗೆ ಕಟ್ಟಬಹುದಾಗಿದ್ದ ಟೌನ್ ಸೆಂಟರಿಗೆ 100 ಸ್ಟೋನ್ ಸೇರಿಸಿ ಕೊಡಬೇಕಾಗಿತ್ತು. ಅದನ್ನು ನಾನು ಕೆಂಪು ಮಾರ್ಕರಿನಿಂದ ಹಾಳೆಯ ಮೇಲೆಯೇ ತಿದ್ದಿದೆ. ಕೆಲಸ ಅಲ್ಲಿಗೆ ಮುಗಿಯಿತು. ಅದೇ ಆಟ 2019ರಲ್ಲಿ ಹೊಸ ರೂಪ ತಳೆದು 35 ನಾಗರಿಕತೆಗಳೊಂದಿಗೆ ಬಂದಿದೆ, 2022ರಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರೂ ಅದಕ್ಕೆ ಸೇರಿದ್ದಾರೆ, ಆಗ ಲ್ಯಾನ್ ತಂತಿಯಲ್ಲಿ ಎಂಟು ಮಂದಿ ಆಡುತ್ತಿದ್ದದ್ದನ್ನು ಈಗ ಆನ್‌ಲೈನಿನಲ್ಲಿ ಲೋಕವೇ ಆಡುತ್ತಿದೆ, ಮನೆ ಕಟ್ಟಲು 30 ವುಡ್ ಬೇಕಾಗಿದ್ದದ್ದು 25ಕ್ಕೆ ಇಳಿದಿದೆ. ಆದರೆ ಯುಗ ಏರುವ ಆ 500, 800, 1000ದ ಲೆಕ್ಕ ಇವತ್ತಿಗೂ ಹಾಗೆಯೇ ಇದೆ, ಈಟಿಗೆ ಕುದುರೆ ಹೆದರುವುದೂ ಹಾಗೆಯೇ ಇದೆ. ಸ್ಟಾರ್‌ಕ್ರಾಫ್ಟ್ ಎಂಬ ಇಂಥದೇ ಯುದ್ಧದಾಟದ ಮೊದಲ ಆಟದಲ್ಲಂತೂ ಬಲಾಬಲಗಳ ದೊಡ್ಡ ತಿದ್ದುಪಡಿ 2001ಕ್ಕೇ ಕೊನೆಯಾಯಿತು. ಆಮೇಲೆ ಅದರ ಬಗ್ಗೆ ಅಚ್ಚಾದ ಅಂಕಿ ಹಳತಾಗಲು ಕಾರಣವೇ ಇರಲಿಲ್ಲ.

ಪಂಚಾಂಗವನ್ನು ಯುಗಾದಿಗೆ ಮೊದಲೇ ಅಚ್ಚು ಹಾಕಿ ಮಾರಬಹುದು, ಏಕೆಂದರೆ ಗ್ರಹಗಳಿಗೆ ಅಪ್‌ಡೇಟ್ ಬರುವುದಿಲ್ಲ; ಕಾಫಿಯ ದರವನ್ನು ಹಾಗೆ ವರ್ಷದ ಮುಂಚೆ ಅಚ್ಚು ಹಾಕಿದರೆ ನಮ್ಮ ಬೆಳೆಗಾರರು ನಗುತ್ತಾರೆ. ಆಟದ ಪುಸ್ತಕದಲ್ಲಿ ಈ ಎರಡು ಬಗೆಯ ಪುಟಗಳೂ ಒಂದೇ ರಟ್ಟಿನೊಳಗೆ ಇರುತ್ತವೆ ಎಂಬುದೇ ತೊಡಕು. ಸಾವಿರಾರು ಮಂದಿ ಒಂದೇ ಕಲ್ಪಿತ ಲೋಕದಲ್ಲಿ ಕೂಡಿ ಆಡುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟವನ್ನು ಇಲ್ಲಿ ಹೇಳಬೇಕು. 2004ರ ನವೆಂಬರ್‌ನಲ್ಲಿ ಅದು ಬಂದಾಗ ಬ್ರೇಡಿಗೇಮ್ಸ್ ಅದಕ್ಕೆ ಅಧಿಕೃತ ಕೈಪಿಡಿಯನ್ನು ಹೊರತಂದಿತು. ಪಾತ್ರಗಳ ಸಾಮರ್ಥ್ಯದ ಪಟ್ಟಿಗಳು ಮುಂದಿನ ಒಂದೆರಡು ವರ್ಷಗಳ ತಿದ್ದುಪಡಿಗಳಲ್ಲಿಯೇ ಬುಡಮೇಲಾದವು; 2007ರಲ್ಲಿ ಪಾತ್ರಗಳ ಗರಿಷ್ಠ ಮಟ್ಟ 60ರಿಂದ 70ಕ್ಕೆ ಏರಿತು; 2010ರ ನವೆಂಬರ್‌ನಲ್ಲಿ ಆಟದ ಕಂಪನಿ ಹಳೆಯ ಭೂಖಂಡಗಳನ್ನೇ ಒಡೆದು ಕಟ್ಟಿದಾಗ ಪುಸ್ತಕದ ನಕ್ಷೆಗಳೂ ಕೆಟ್ಟವು. ಅಲ್ಲಿಗೆ ಆ ಪುಸ್ತಕದ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ ಹಳೆಯ ಆಟವೇ ಬೇಕೆಂದು ಆಟಗಾರರು ಹಟ ಹಿಡಿದದ್ದರಿಂದ 2019ರ ಆಗಸ್ಟ್‌ನಲ್ಲಿ ಕಂಪನಿ ಮೊದಲ ಕಾಲದ ಆಟವನ್ನು, ಅದರ 1.12 ಆವೃತ್ತಿಯ ಆಧಾರದಲ್ಲಿ, ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಹದಿನೈದು ವರ್ಷ ಅಟ್ಟದಲ್ಲಿದ್ದ ಪುಸ್ತಕದ ನಕ್ಷೆಗಳು ಒಂದೇ ದಿನದಲ್ಲಿ ಮತ್ತೆ ನಿಜವಾದವು, ಸಾಮರ್ಥ್ಯದ ಪಟ್ಟಿಗಳು ಮಾತ್ರ ಸುಳ್ಳಾಗಿಯೇ ಉಳಿದವು. ಹಳೆಯ ಪುಸ್ತಕವನ್ನು ತೆರೆದಾಗ ಯಾವ ಪುಟವನ್ನು ನಂಬಬೇಕು, ಯಾವುದನ್ನು ದಾಟಿ ಹೋಗಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ನನಗೆ ಹೊಳೆಯುವುದಿಲ್ಲ.

ಈಗ ಸಕಲೇಶಪುರದ ಹುಡುಗನಿಗೆ ಬರುತ್ತೇನೆ. ಆ 399 ರೂಪಾಯಿಯ ಪುಸ್ತಕದ ಕೋಷ್ಟಕಗಳನ್ನೆಲ್ಲ ಅವನು ಬಿಟ್ಟ, ಆದರೆ ಮಧ್ಯದಲ್ಲಿದ್ದ ಎರಂಗಲ್ ಎಂಬ ಆಟದ ನೆಲದ ಮ್ಯಾಪಿನ ಜೋಡಿಪುಟವನ್ನು ಜೋಪಾನವಾಗಿ ಬಿಡಿಸಿ ತನ್ನ ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿಕೊಂಡ. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಆ ನೆಲದ ನಕ್ಷೆಯಲ್ಲಿ ದೊಡ್ಡ ಚೌಕವೊಂದಕ್ಕೆ ಒಂದು ಕಿಲೋಮೀಟರ್ ಲೆಕ್ಕ. ಮಿಲಿಟರಿ ಬೇಸ್ ಇರುವ ದಕ್ಷಿಣದ ದ್ವೀಪಕ್ಕೆ ಎರಡೇ ಸೇತುವೆಗಳು. ಝೋನ್, ಅಂದರೆ ಕುಗ್ಗುತ್ತ ಹೋಗುವ ಸುರಕ್ಷಿತ ವಲಯ, ಆ ಕಡೆಗೆ ಬಿದ್ದರೆ ಎಲ್ಲರೂ ಆ ಎರಡು ಸೇತುವೆಗಳಿಗೇ ಬರಬೇಕು, ಇಲ್ಲವೇ ದೋಣಿ ಹುಡುಕಬೇಕು. ತಡವಾಗಿ ಹೊರಟವರನ್ನು ಮೊದಲೇ ದಾಟಿದವರು ಸೇತುವೆಯ ತುದಿಯಲ್ಲಿ ಕಾದು ಕೂತಿರುತ್ತಾರೆ. ಬಂದೂಕಿನ ಅಂಕಿ ಎಷ್ಟೇ ಸಲ ಬದಲಾದರೂ ಈ ಮಾತು ಬದಲಾಗಿಲ್ಲ. ಅವನ ಸ್ಕ್ವಾಡಿನ ನಾಲ್ವರೂ ಒಂದೇ ಶಾಲೆಯವರು. ಭಾನುವಾರ ಆ ಬೀರುವಿನ ಮುಂದೆ ನೆಲದ ಮೇಲೆ ಕೂತು, ವಿಮಾನ ಇತ್ತಿಂದ ಬಂದರೆ ಎಲ್ಲಿ ಇಳಿಯುವುದು, ಅತ್ತಿಂದ ಬಂದರೆ ಎಲ್ಲಿ ಇಳಿಯುವುದು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು ಜಗಳವಾಡುವುದನ್ನು ನಾನೇ ಕಂಡಿದ್ದೇನೆ. ಆ ಹೊತ್ತಿನಲ್ಲಿ ನಾಲ್ವರಲ್ಲಿ ಒಬ್ಬನ ಕೈಯಲ್ಲೂ ಮೊಬೈಲ್ ಇರಲಿಲ್ಲ.

ಪತ್ರ ಬರೆದವರು ಯೂಟ್ಯೂಬ್ ಸಾಕು ಎಂದಿದ್ದಾರೆ. ಕನ್ನಡದಲ್ಲಿಯೂ ಒಳ್ಳೆಯ ವಿಡಿಯೊಗಳಿವೆ, ಹೊಸ ಅಪ್‌ಡೇಟಿನಲ್ಲಿ ಏನು ಬದಲಾಯಿತು ಎಂಬುದಕ್ಕೆ ಅವೇ ಸರಿ, ಅದರಲ್ಲಿ ತಕರಾರಿಲ್ಲ. ಆದರೆ ಮನೆಯಲ್ಲಿ ಇರುವುದೊಂದೇ ಫೋನು, ಅದು ಅಮ್ಮನದು, ಸಂಜೆ ಒಂದು ಗಂಟೆ ಮಾತ್ರ ಕೈಗೆ ಸಿಗುತ್ತದೆ ಎಂದಾದರೆ ಆ ಒಂದು ಗಂಟೆಯಲ್ಲಿ ವಿಡಿಯೊ ನೋಡುವುದೋ ಆಡುವುದೋ? 18 ವರ್ಷದೊಳಗಿನವರು ದಿನಕ್ಕೆ 3 ಗಂಟೆಗಿಂತ ಹೆಚ್ಚು ಆಡದಂತೆ ಬಿಜಿಎಂಐ ತಾನೇ ಮಿತಿ ಹಾಕಿದೆ. ಆ ಮಿತಿಯ ಆಚೆಗೆ ಆಟದ ಬಗ್ಗೆ ಯೋಚಿಸಬೇಕೆನ್ನುವವನಿಗೆ ಮತ್ತೆ ಅದೇ ಪರದೆಯನ್ನು ತೋರಿಸುವುದಕ್ಕಿಂತ ಹಾಳೆಯೊಂದನ್ನು ಕೊಡುವುದು ಲೇಸಲ್ಲವೇ? ಜೊತೆಗೆ ಮಲೆನಾಡಿನ ಜುಲೈ ತಿಂಗಳನ್ನು ಅವರು ಮರೆತಂತಿದೆ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಬರುವುದು ಎರಡು ದಿನಕ್ಕೋ ಮೂರು ದಿನಕ್ಕೋ, ಟವರ್ ಸತ್ತರೆ ಕರೆಂಟ್ ಬಂದರೂ ನೆಟ್‌ವರ್ಕ್ ಇಲ್ಲ. ಅಂದು ನನ್ನ ಸೆಂಟರಿನಲ್ಲಿ 10 ರೂಪಾಯಿ ಹಿಡಿದು ನಿಂತಿದ್ದವನಿಗೂ ಇಂದು ಫೋನಿಗಾಗಿ ಕಾಯುವವನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಅವರ ಇನ್ನೊಂದು ಆಕ್ಷೇಪ ಗ್ರಂಥಾಲಯದ ಹಣ ಇಂತಹ ಪುಸ್ತಕಗಳಿಗೆ ಹೋಗಬಾರದು ಎಂಬುದು. ನಾನು ತಂದಂಥ ಪುಸ್ತಕಕ್ಕೆ ಹೋಗಬಾರದು, ನಿಜ. ಆದರೆ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಆಟಗಳನ್ನು, ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿದೆ, 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್ ಅನ್ನು ಪ್ರತ್ಯೇಕವಾಗಿ ಗುರುತಿಸಿದೆ. ಹೀಗಿರುವಾಗ ಚದುರಂಗದ ಪುಸ್ತಕಕ್ಕೆ ಕಪಾಟಿನಲ್ಲಿ ಜಾಗವಿದ್ದರೆ ಇದಕ್ಕೇಕೆ ಇರಬಾರದು? ರಮ್ಮಿ ಆ್ಯಪಿಗೂ ಸ್ಕ್ವಾಡ್ ಆಟಕ್ಕೂ ವ್ಯತ್ಯಾಸ ತಿಳಿಯದೆ ಮಕ್ಕಳನ್ನು ಗದರುವ ತಂದೆತಾಯಿಯರೇ ಅದನ್ನು ಮೊದಲು ಎರವಲು ಪಡೆದಾರು.

ಪ್ರಕಾಶಕರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ರಟ್ಟಿನ ಮೇಲೆಯೇ ಆಟದ ಆವೃತ್ತಿಯ ಸಂಖ್ಯೆ ಮತ್ತು ತಿಂಗಳನ್ನು ಅಚ್ಚು ಹಾಕಲಿ. ಅಂಕಿಗಳ ಕೋಷ್ಟಕವನ್ನು ಹೊಲಿಗೆಯೊಳಗೆ ಸೇರಿಸದೆ ಬಿಡಿ ಹಾಳೆಯಾಗಿ ಒಳಗಿಡಲಿ, ಹಳತಾದಾಗ ತೆಗೆದೊಗೆಯಬಹುದು. ನಕ್ಷೆಗೆ ಜೋಡಿಪುಟಕ್ಕಿಂತ ದೊಡ್ಡ ಮಡಿಕೆ ಹಾಳೆ ಬೇಕು, ಪುಟದ ಅಂಚಿನಲ್ಲಿ ತಿದ್ದಲು ಜಾಗ ಬೇಕು, ಮತ್ತು ಇದೆಲ್ಲ ಕನ್ನಡದಲ್ಲಿರಬೇಕು. ಹುಡುಗರು ‘ಝೋನ್’, ‘ಡ್ರಾಪ್’, ‘ರಿವೈವ್’ ಎಂದು ಕನ್ನಡ ವಾಕ್ಯದ ನಡುವೆಯೇ ಆಡುವಾಗ ಪುಸ್ತಕವೂ ಹಾಗೆಯೇ ಬರೆದರೆ ಯಾರ ಭಾಷೆಯೂ ಕೆಡುವುದಿಲ್ಲ.

ಏಜ್ ಆಫ್ ಎಂಪೈರ್ಸ್‌ನ ಆ ಲ್ಯಾಮಿನೇಟ್ ಹಾಳೆ ಈಗ ನನ್ನ ಜೆರಾಕ್ಸ್ ಯಂತ್ರದ ಹಿಂದಿನ ಗೋಡೆಯ ಮೇಲಿದೆ. ಪತ್ರ ಬರೆದ ಮಹನೀಯರು ಈ ಕಡೆ ಬಂದಾಗ ಅಂಗಡಿಗೆ ದಯಮಾಡಿಸಿದರೆ ತೋರಿಸುತ್ತೇನೆ. ಟೌನ್ ಸೆಂಟರಿನ ಪಕ್ಕದಲ್ಲಿ ನಾನು ಕೆಂಪು ಮಾರ್ಕರಿನಲ್ಲಿ ಬರೆದ 100 ಸ್ಟೋನ್ ಬಿಸಿಲಿಗೆ ಮಾಸಿಹೋಗಿದೆ, ಅಚ್ಚಿನ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಬಹುದು.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಸೈಬರ್ ಸೆಂಟರ್‌ನವನು,
ಸಾಲಗಾಮೆ ರಸ್ತೆ, ಹಾಸನ